ಖರ್ಜೂರದ ಎಣ್ಣೆ ಇರುವುದು ತಿರುಳಿನಲ್ಲೋ, ಬೀಜದಲ್ಲೋ?

ಕಳೆದ ಸಂಚಿಕೆಯ ಖುತ್ಬಾ ಸಾರಾಂಶದಲ್ಲಿ ನಕೀರ್, ಫತೀಲ್, ಕಿತ್ಮೀರ್ ಎಂಬ ಮೂರು ಪದಗಳು ಬಂದಿದ್ದವು. ಮೂರೂ ಖರ್ಜೂರದ ಬೀಜಕ್ಕೆ ಸಂಬಂಧಿಸಿದ ಪದಗಳು. ನಾಳೆ ಪರಲೋಕದಲ್ಲಿ ಯಾರಿಗೂ ಕಿಂಚಿತ್ತೂ ಅನ್ಯಾಯವಾಗದು ಎಂಬುದನ್ನು ಮನವರಿಕೆ ಮಾಡಲು ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ ನಕೀರ್ ಮತ್ತು ಫತೀಲನ್ನು ಹೆಸರಿಸುತ್ತದೆ. ಅಲ್ಲಾಹನ ಹೊರತು ಜನರು ಮೊರೆಯಿಡುವ ಯಾರಿಗೂ ಒಂದು ಕಿತ್ಮೀರ್‌ನ ಒಡೆತನವೂ ಇಲ್ಲ ಎಂದು ಫಾತಿರ್ ಅಧ್ಯಾಯ ಹೇಳುತ್ತದೆ. ಫತೀಲ್ ಎಂದರೆ ಬೀಜದ ಉದ್ದನೆಯ ಸೀಳಿನಲ್ಲಿರುವ ದಾರದಂತಹ ಎಳೆ. ಕಿತ್ಮೀರ್ ಎಂದರೆ ಬೀಜವನ್ನು ಸುತ್ತಿರುವ ತೆಳು ಪೊರೆ. ನಕೀರ್ ಎಂದರೆ ಬೀಜದ ಬೆನ್ನಿನ ಮೇಲಿರುವ ಸಣ್ಣ ಚುಕ್ಕೆ, ಸೂಜಿಮೊನೆಯಿಂದ ಒತ್ತಿದಂತಹ ಗುಳಿ.

ಅದನ್ನು ಓದಿದ ಹಲವರು ವ್ಯಾಕರಣ ಕೇಳಲಿಲ್ಲ, ಆರೋಗ್ಯ ಕೇಳಿದರು. ಖರ್ಜೂರದಲ್ಲಿ ಹೃದಯಕ್ಕೆ ಒಳ್ಳೆಯದಾದ ಕೊಬ್ಬು ಇದೆಯಂತೆ, ಸಕ್ಕರೆ ಕಾಯಿಲೆಯವರು ಎಷ್ಟು ಬೇಕಾದರೂ ತಿನ್ನಬಹುದಂತೆ, ನಿಜವೇ ಎಂದು ಒಬ್ಬ ಸಹೋದರಿಯ ಪ್ರಶ್ನೆ. ಅಜ್ವಾ ಬೀಜದ ಪುಡಿ ಹೃದಯದ ರಕ್ತನಾಳದ ಬ್ಲಾಕ್ ಕರಗಿಸುತ್ತದೆ ಎಂಬ ಮೊಬೈಲ್ ಸಂದೇಶವನ್ನು ನಂಬಿ ತಮ್ಮ ಮನೆಯ ಹಿರಿಯರು ಮಾತ್ರೆಯನ್ನೇ ನಿಲ್ಲಿಸಿದ್ದಾರೆ ಎಂದು ಇನ್ನೊಬ್ಬರು ಬರೆದಿದ್ದಾರೆ. ಈ ಎರಡನೆಯ ಪತ್ರದ ಕಾರಣದಿಂದಲೇ ಇಷ್ಟು ಪುಟಗಳನ್ನು ಈ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಎರಡೂ ಪ್ರಶ್ನೆಗಳ ಬೇರು ಒಂದೇ. ಖರ್ಜೂರ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ, ಅವುಗಳ ಲೆಕ್ಕ ಪರಸ್ಪರ ಬೆರೆತುಹೋಗಿದೆ.

ಮೊದಲು ತಿರುಳು. ನೂರು ಗ್ರಾಂ ಖರ್ಜೂರದ ತಿರುಳಿನಲ್ಲಿ ಕೊಬ್ಬು ಇರುವುದು 0.2ರಿಂದ 0.5 ಗ್ರಾಂ ಮಾತ್ರ. ಮೆಡ್‌ಜೂಲ್ ತಳಿಯಲ್ಲಿ ಇನ್ನೂ ಕಡಿಮೆ, ಸುಮಾರು 0.15 ಗ್ರಾಂ. ಇದು ಎಣ್ಣೆ ಎಂದು ಕರೆಯುವಷ್ಟೂ ಅಲ್ಲ. ಹಣ್ಣಿನ ಪ್ರತಿಯೊಂದು ಜೀವಕೋಶದ ಗೋಡೆಗೆ ಒಳಗಿನಿಂದ ಒಂದು ತೆಳು ಜಿಡ್ಡಿನ ಪದರ ಬೇಕು, ಸಿಪ್ಪೆಯ ಮೇಲೆ ನೀರು ಆರದಂತೆ ಸ್ವಲ್ಪ ಮೇಣ ಬೇಕು. ತಿರುಳಿನ ಕೊಬ್ಬೆಂದರೆ ಬಹುಮಟ್ಟಿಗೆ ಅಷ್ಟೇ. ಅಲ್ಲಿ ತುಂಬಿಟ್ಟಿರುವುದು ಸಕ್ಕರೆ. ಅದೇ ನೂರು ಗ್ರಾಂ ಮೆಡ್‌ಜೂಲ್‌ನಲ್ಲಿ ಸುಮಾರು 66 ಗ್ರಾಂ ಸಕ್ಕರೆ ಇದೆ.

ಇನ್ನು ಬೀಜ. ಹಣ್ಣಿನ ಒಟ್ಟು ತೂಕದಲ್ಲಿ ಬೀಜದ ಪಾಲು ತಳಿಗೆ ತಕ್ಕಂತೆ ಶೇ. 5.6ರಿಂದ 14.2. ಕಲ್ಲಿನಷ್ಟು ಗಟ್ಟಿಯಾದ ಈ ಬೀಜವನ್ನು ಪುಡಿ ಮಾಡಿ ಪರೀಕ್ಷಿಸಿದಾಗ ಎಣ್ಣೆಯ ಪ್ರಮಾಣ ಶೇ. 7.7ರಿಂದ 9.7ರವರೆಗೆ ಕಂಡುಬಂದಿದೆ. ಕೆಲವು ತಳಿಗಳಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆ ಆಗುವುದುಂಟು. ಉಳಿದದ್ದರಲ್ಲಿ ಬಹುಪಾಲು ನಾರು.

ಒಂದು ಚಿಕ್ಕ ಲೆಕ್ಕ ಮಾಡೋಣ. ಬೀಜಸಹಿತ ನೂರು ಗ್ರಾಂ ಖರ್ಜೂರ ತಗೊಳ್ಳಿ. ಬೀಜ ಹತ್ತು ಗ್ರಾಂ, ತಿರುಳು ತೊಂಬತ್ತು ಗ್ರಾಂ ಎಂದಿಟ್ಟುಕೊಳ್ಳಿ. ಬೀಜದಲ್ಲಿ ಶೇ. 9ರಂತೆ 0.9 ಗ್ರಾಂ ಎಣ್ಣೆ. ತಿರುಳಿನಲ್ಲಿ ಶೇ. 0.3ರಂತೆ 0.27 ಗ್ರಾಂ. ತೂಕದಲ್ಲಿ ಹತ್ತನೇ ಒಂದು ಪಾಲಿನ ಬೀಜವು ಇಡೀ ಹಣ್ಣಿನ ಕೊಬ್ಬಿನ ಮುಕ್ಕಾಲು ಭಾಗವನ್ನು ತನ್ನಲ್ಲಿ ಇಟ್ಟುಕೊಂಡಿದೆ. ನಾವು ತಿಂದು ಬೀಜ ಉಗುಳಿದಾಗ ಆ ಮುಕ್ಕಾಲು ಭಾಗ ತಟ್ಟೆಯಂಚಿನಲ್ಲೇ ಉಳಿಯುತ್ತದೆ. ಹಾಗಾಗಿ ಖರ್ಜೂರದ ಎಣ್ಣೆಯ ಗುಣಗಾನ ಮಾಡುವ ಯಾವುದೇ ಮಾತು ಬೀಜದ ಕುರಿತದ್ದು, ನಮ್ಮ ಬಾಯಿಗೆ ಹೋದ ತಿರುಳಿನ ಕುರಿತದ್ದಲ್ಲ.

ಪ್ರಮಾಣದ ಮಾತಾಯಿತು, ಈಗ ಗುಣದ ಮಾತು. ಯಾವ ಎಣ್ಣೆಯೂ ಒಂದೇ ವಸ್ತುವಲ್ಲ. ಉದ್ದ, ಗಿಡ್ಡ, ನೇರ, ಬಾಗಿದ ಹಲವು ಕೊಬ್ಬಿನಾಮ್ಲಗಳು ಸೇರಿ ಎಣ್ಣೆಯಾಗುತ್ತದೆ. ನೇರವಾಗಿರುವವು ಒತ್ತೊತ್ತಾಗಿ ಕೂರುತ್ತವೆ, ತಂಪಾದಾಗ ಹೆಪ್ಪುಗಟ್ಟುತ್ತವೆ. ಇವನ್ನೇ ಸ್ಯಾಚುರೇಟೆಡ್ ಎನ್ನುವುದು. ನಡುವೆ ಬಾಗಿದವು ಒತ್ತಾಗಿ ಕೂರಲಾರವು, ಅದಕ್ಕೇ ಎಣ್ಣೆ ದ್ರವವಾಗಿ ಉಳಿಯುತ್ತದೆ. ಖರ್ಜೂರದ ಬೀಜದ ಎಣ್ಣೆಯಲ್ಲಿ ಹದಿನಾಲ್ಕು ಬಗೆಯ ಕೊಬ್ಬಿನಾಮ್ಲಗಳನ್ನು ಗುರುತಿಸಲಾಗಿದೆ. ತಿರುಳಿನಲ್ಲಿ ಅವುಗಳ ಪೈಕಿ ಎಂಟು ಮಾತ್ರ, ಅದೂ ಅತ್ಯಲ್ಪ ಪ್ರಮಾಣದಲ್ಲಿ. ಬೀಜದ ಎಣ್ಣೆಯಲ್ಲಿ ದೊಡ್ಡ ಪಾಲು ಒಲೇಯಿಕ್ ಆಮ್ಲದ್ದು, ಶೇ. 41ರಿಂದ 59ರವರೆಗೆ. ಆಲಿವ್ ಎಣ್ಣೆಯನ್ನು ಪ್ರಸಿದ್ಧಿಗೆ ತಂದದ್ದೂ ಇದೇ ಆಮ್ಲ. ನಮ್ಮ ಕಡಲೆಕಾಯಿ ಎಣ್ಣೆಯಲ್ಲೂ ಅರ್ಧಕ್ಕೆ ಹತ್ತಿರ ಇದು ಇರುತ್ತದೆ. ಒಲೇಯಿಕ್‌ನ ನಂತರದ ಸ್ಥಾನ ಅನೇಕ ತಳಿಗಳಲ್ಲಿ ಲಾರಿಕ್ ಆಮ್ಲಕ್ಕೆ. ಲಾರಿಕ್ ಎಂದರೆ ತೆಂಗಿನೆಣ್ಣೆಯ ಮುಖ್ಯ ಆಮ್ಲ. ಖರ್ಜೂರದ ಬೀಜದಲ್ಲಿ ತೆಂಗಿನೆಣ್ಣೆಯ ಗುರುತು ಎಲ್ಲಿಂದ ಬಂತು ಎಂಬುದು ಸ್ವಾರಸ್ಯದ ಸಂಗತಿ, ಅದಕ್ಕೆ ಮುಂದೆ ಬರುತ್ತೇವೆ.

ತಿರುಳಿಗೆ ಸಕ್ಕರೆ, ಬೀಜಕ್ಕೆ ಎಣ್ಣೆ ಎಂಬ ಹಂಚಿಕೆ ಏಕೆ? ತಿರುಳು ಇರುವುದು ಬೇರೆಯವರಿಗಾಗಿ. ಹಕ್ಕಿ, ಬಾವಲಿ, ಮನುಷ್ಯ ಯಾರಾದರೂ ತಿನ್ನಲಿ, ಬೀಜವನ್ನು ದೂರ ಒಯ್ದು ಹಾಕಲಿ ಎಂಬುದಕ್ಕೆ ಅದು ಕೂಲಿ ಇದ್ದಂತೆ. ಬೀಜದೊಳಗಿನದು ಮಾತ್ರ ಮರಿಸಸಿಯ ಸ್ವಂತ ಬುತ್ತಿ. ಎಲೆ ಹೊರಬಂದು ಬಿಸಿಲು ಹಿಡಿಯುವ ತನಕ ಅದು ತನ್ನ ಬುತ್ತಿಯಿಂದಲೇ ಬದುಕಬೇಕು. ಒಂದು ಗ್ರಾಂ ಸಕ್ಕರೆ ಸುಮಾರು ನಾಲ್ಕು ಕ್ಯಾಲೊರಿ ಕೊಟ್ಟರೆ ಒಂದು ಗ್ರಾಂ ಎಣ್ಣೆ ಒಂಬತ್ತು ಕ್ಯಾಲೊರಿ ಕೊಡುತ್ತದೆ. ಇಕ್ಕಟ್ಟಾದ ಜಾಗದಲ್ಲಿ ದೂರದ ಪ್ರಯಾಣಕ್ಕೆ ಬುತ್ತಿ ಕಟ್ಟುವಾಗ ಎಣ್ಣೆಯೇ ಲಾಭ. ಖರ್ಜೂರದ ಬೀಜ ಇನ್ನೂ ಒಂದು ಉಪಾಯ ಮಾಡಿದೆ. ತನ್ನ ಜೀವಕೋಶಗಳ ಗೋಡೆಗಳನ್ನೇ ದಪ್ಪಗಾಗಿಸಿ ಅದರಲ್ಲೂ ಆಹಾರ ಕೂಡಿಟ್ಟಿದೆ. ಬೀಜ ಅಷ್ಟು ಗಟ್ಟಿಯಾಗಿರುವುದು ಇದರಿಂದಲೇ.

ಧಾನ್ಯವನ್ನೂ ಖರ್ಜೂರದ ಬೀಜವನ್ನೂ ಸೀಳಿ ಮೊಳಕೆ ಹೊರಡಿಸುವವನು ಅಲ್ಲಾಹನು ಎಂಬ ಆಶಯದ ವಚನ ಅಲ್ ಅನ್‌ಆಮ್ ಅಧ್ಯಾಯದ 95ನೆಯದು. ಆ ಸೀಳುವಿಕೆ ನಡೆಯುವುದು ಎಲ್ಲಿ? ನಕೀರ್‌ನಲ್ಲಿ. ನಿಷ್ಪ್ರಯೋಜಕ ಚುಕ್ಕೆಯಂತೆ ಕಾಣುವ ಆ ಗುಳಿಯ ಕೆಳಗೇ ಭ್ರೂಣ ಮಲಗಿದೆ. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗೆ ಇಟ್ಟರೆ ಕೆಲವು ವಾರಗಳಲ್ಲಿ ಮೊಳಕೆ ಅಲ್ಲಿಂದಲೇ ಹೊರಡುತ್ತದೆ. ಭ್ರೂಣದ ಒಂದು ತುದಿ ಬೀಜದೊಳಗೇ ಉಳಿದು, ಎಣ್ಣೆಯನ್ನೂ ಗೋಡೆಗಳಲ್ಲಿಟ್ಟ ಆಹಾರವನ್ನೂ ಕರಗಿಸಿ ಹೀರಿ ಹೊರಗಿನ ಸಸಿಗೆ ಕಳುಹಿಸುತ್ತದೆ. ಮೃತ ಸಮುದ್ರದ ದಡದ ಮಸಾದಾ ಕೋಟೆಯ ಅವಶೇಷಗಳಲ್ಲಿ ದೊರೆತ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದನ್ನು 2005ರಲ್ಲಿ ನೆಟ್ಟಾಗ ಅದು ಮೊಳೆಯಿತು. ಅಷ್ಟು ಶತಮಾನ ಆ ಬುತ್ತಿ ಕೆಡದೆ ಉಳಿದಿತ್ತು.

ಈಗ ತೆಂಗಿನೆಣ್ಣೆಯ ಗುರುತಿನ ವಿಷಯ. ಖರ್ಜೂರ, ತೆಂಗು, ತಾಳೆ ಎಣ್ಣೆಯ ಮರ ಈ ಮೂರೂ ಒಂದೇ ಕುಟುಂಬದವು. ನಾವು ತೆಂಗಿನಕಾಯಿ ಒಡೆದು ತುರಿಯುವ ಬಿಳಿ ಭಾಗ ಹಣ್ಣಿನ ತಿರುಳಲ್ಲ, ಅದು ಬೀಜ. ತೆಂಗಿನಲ್ಲಿ ಹಣ್ಣಿನ ತಿರುಳು ಎಂದರೆ ನಾವು ಸುಲಿದು ಬಿಸಾಡುವ, ಹಗ್ಗ ಹೊಸೆಯುವ ನಾರು. ಗಟ್ಟಿ ಚಿಪ್ಪು ಯಾವ ಪದರವೋ ಖರ್ಜೂರದಲ್ಲಿ ಅದೇ ಪದರ ತೆಳುವಾಗಿ ಕಿತ್ಮೀರ್ ಆಗಿದೆ. ಒಂದು ಮರದಲ್ಲಿ ಕತ್ತಿಯಿಂದ ಒಡೆಯಬೇಕಾದದ್ದು ಇನ್ನೊಂದರಲ್ಲಿ ಉಗುರಿನಿಂದ ಕೀಳುವಷ್ಟು ತೆಳು. ಮೊಳಕೆಯೊಡೆದ ತೆಂಗಿನಕಾಯಿಯೊಳಗೆ ಮಕ್ಕಳು ಆಸೆಯಿಂದ ತಿನ್ನುವ ಸಿಹಿಯಾದ ಬೆಂಡಿನಂತಹ ಉಂಡೆ ಇರುತ್ತದಲ್ಲ, ಅದು ಬುತ್ತಿಯನ್ನು ಹೀರುವ ಅದೇ ಅಂಗ. ಖರ್ಜೂರದಲ್ಲಿ ಅದು ತೀರಾ ಚಿಕ್ಕದು.

ಹೀಗೆ ಮೂರು ಸೋದರರ ತಿರುಳು ಮೂರು ದಾರಿ ಹಿಡಿದಿದೆ. ಖರ್ಜೂರದ್ದು ಸಕ್ಕರೆ, ತೆಂಗಿನದ್ದು ನಾರು, ತಾಳೆಯದ್ದು ಎಣ್ಣೆ. ಬೀಜಗಳಲ್ಲಿ ಮಾತ್ರ ಹೋಲಿಕೆ ಉಳಿದಿದೆ. ತೆಂಗಿನೆಣ್ಣೆಯಲ್ಲಿ ಲಾರಿಕ್ ಆಮ್ಲ ಸುಮಾರು ಶೇ. 48, ತಾಳೆ ಬೀಜದ ಎಣ್ಣೆಯಲ್ಲೂ ಸುಮಾರು ಅಷ್ಟೇ. ಖರ್ಜೂರದ ಬೀಜದಲ್ಲಿ ಕಡಿಮೆ, ಹೆಚ್ಚಿನ ತಳಿಗಳಲ್ಲಿ ಶೇ. 10ರಿಂದ 20ರ ಆಸುಪಾಸು.

ತಾಳೆಯ ಬಳಿ ಸ್ವಲ್ಪ ನಿಲ್ಲೋಣ. ಏಕೆಂದರೆ ಇಫ್ತಾರ್‌ನ ಸಮೋಸ, ಪಕೋಡ ಕರಿಯುವ ಬಾಣಲೆಯಲ್ಲಿ ಬಹಳ ಕಡೆ ಇರುವುದು ಅದೇ. ಪಶ್ಚಿಮ ಆಫ್ರಿಕಾ ಮೂಲದ ಈ ಮರದ ಒಂದೇ ಹಣ್ಣಿನಿಂದ ಎರಡು ಬೇರೆ ಎಣ್ಣೆಗಳು ಹೊರಡುತ್ತವೆ. ಕಿತ್ತಳೆ ಬಣ್ಣದ ತಿರುಳನ್ನು ಬೇಯಿಸಿ ಹಿಂಡಿದರೆ ಬರುವುದು ತಾಳೆ ಎಣ್ಣೆ. ಅದರಲ್ಲಿ ಪಾಮಿಟಿಕ್ ಸುಮಾರು ಶೇ. 44, ಒಲೇಯಿಕ್ ಸುಮಾರು ಶೇ. 39. ಅದರ ದ್ರವಭಾಗವನ್ನು ಬೇರ್ಪಡಿಸಿದ್ದೇ ಪಾಮೋಲಿನ್. ಒಳಗಿನ ಚಿಪ್ಪು ಒಡೆದು ಬೀಜವನ್ನು ಅರೆದರೆ ಬರುವುದು ಇನ್ನೊಂದು ಎಣ್ಣೆ. ಬಿಳಿ, ತೆಂಗಿನೆಣ್ಣೆಯಂತೆ ಹೆಪ್ಪುಗಟ್ಟುವಂಥದ್ದು. ಸೋಪು, ಬಿಸ್ಕತ್ತಿನ ನಡುವಿನ ಕ್ರೀಮು, ಅಗ್ಗದ ಚಾಕೊಲೇಟಿನ ಹೊದಿಕೆ ಇವುಗಳಲ್ಲಿ ಇದರ ಬಳಕೆ. ಸ್ಯಾಚುರೇಟೆಡ್ ಕೊಬ್ಬು ತಿರುಳಿನ ಎಣ್ಣೆಯಲ್ಲಿ ಸುಮಾರು ಅರ್ಧ, ಬೀಜದ ಎಣ್ಣೆಯಲ್ಲಿ ಶೇ. 80ಕ್ಕೂ ಹೆಚ್ಚು. ಪೊಟ್ಟಣದ ಮೇಲೆ ಬರೆದಿರುವುದು ತಾಳೆ ಎಣ್ಣೆಯೋ ತಾಳೆ ಬೀಜದ ಎಣ್ಣೆಯೋ ಎಂದು ನೋಡುವುದರಲ್ಲಿ ಅರ್ಥವಿದೆ. ಸ್ಯಾಚುರೇಟೆಡ್ ಕೊಬ್ಬು ದಿನದ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2000 ಕ್ಯಾಲೊರಿ ತಿನ್ನುವವರಿಗೆ ಅದು ಸುಮಾರು 22 ಗ್ರಾಂ. ಕರಿದ ತಿಂಡಿ, ತುಪ್ಪದ ಬಿರಿಯಾನಿ ಇರುವ ಒಂದು ರಾತ್ರಿಯಲ್ಲಿ ಆ ಮಿತಿ ದಾಟುವುದು ಕಷ್ಟವೇನಲ್ಲ. ನಮ್ಮ ಹೃದಯಕ್ಕೆ ತೊಂದರೆ ಬರುವ ದಾರಿ ಇದು. ಅದನ್ನು ಬಿಟ್ಟು ಪರಿಹಾರವನ್ನು ಖರ್ಜೂರದ ಬೀಜದಲ್ಲಿ ಹುಡುಕುತ್ತಿದ್ದೇವೆ.

ತಿರುಳಿನಲ್ಲೇ ಎಣ್ಣೆ ಇಡುವ ಇನ್ನೊಂದು ಹಣ್ಣು, ಬೇರೆ ಕುಟುಂಬದ್ದು, ಝೈತೂನ್. ಅನ್ನೂರ್ ಅಧ್ಯಾಯದಲ್ಲಿ ದೀಪದ ಉಪಮೆಯೊಂದಿಗೆ ಬರುವ ಎಣ್ಣೆ ಇದರದ್ದೇ. ಮಾಗಿದ ಝೈತೂನ್‌ನ ಎಣ್ಣೆಯಲ್ಲಿ ಬಹುತೇಕ ಎಲ್ಲವೂ ತಿರುಳಿನದ್ದು. ಗಟ್ಟಿ ಓಟೆಯೊಳಗಿನ ಬೀಜದಲ್ಲೂ ಎಣ್ಣೆ ಇದೆಯಾದರೂ ಆ ಬೀಜ ತೀರಾ ಚಿಕ್ಕದು, ಹಾಗಾಗಿ ಒಟ್ಟು ಎಣ್ಣೆಗೆ ಅದರ ಕೊಡುಗೆ ಅಲ್ಪ. ಕೊಳ್ಳುವವರು ಇಲ್ಲಿ ಗಮನಿಸಬೇಕಾದ ಪದ ಪೊಮೇಸ್. ಹಣ್ಣನ್ನು ಅರೆದು ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಿಂದ, ದ್ರಾವಕ ಬಳಸಿ ತೆಗೆದು ಸಂಸ್ಕರಿಸಿದ ಎಣ್ಣೆ ಅದು. ಹರಾಮೂ ಅಲ್ಲ, ವಿಷವೂ ಅಲ್ಲ. ಆದರೆ ಮೊದಲ ಹಿಂಡಿನ ಎಣ್ಣೆಯ ದರ ಕೊಟ್ಟು ಅದನ್ನು ತರಬೇಕಾಗಿಲ್ಲ.

ಇನ್ನು ಅಜ್ವಾ ಬೀಜದ ಪುಡಿ. ಇದರ ಹಿಂದೆ ಒಂದು ಹದೀಸ್ ಇದೆ, ಅದನ್ನು ಪೂರ್ತಿಯಾಗಿ ಓದಬೇಕು. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಾಗ ಪ್ರವಾದಿವರ್ಯರು(ಸ) ನೋಡಲು ಹೋದರು, ಎದೆಯ ಮೇಲೆ ಕೈಯಿಟ್ಟು ಇದು ಹೃದಯದ ತೊಂದರೆ ಎಂದರು, ಮದೀನಾದ ಏಳು ಅಜ್ವಾ ಖರ್ಜೂರಗಳನ್ನು ಬೀಜಸಹಿತ ಕುಟ್ಟಿ ಕೊಡುವಂತೆ ಹೇಳಿದರು ಎಂದು ಅಬೂದಾವೂದ್ ಸಂಗ್ರಹದಲ್ಲಿದೆ. ಇದರ ವರದಿಗಾರರ ಸರಣಿಯ ಬಗ್ಗೆ ಹದೀಸ್ ವಿದ್ವಾಂಸರಲ್ಲಿ ಚರ್ಚೆ ಇದೆ, ಅದು ಉಲಮಾಗಳ ಕ್ಷೇತ್ರ. ನಾವು ತೋರಿಸಬಯಸುವುದು ಮೊಬೈಲ್ ಸಂದೇಶಗಳಲ್ಲಿ ಸದಾ ಬಿಟ್ಟುಹೋಗುವ ಸಾಲನ್ನು. ಅದೇ ವರದಿಯಲ್ಲಿ, ಸಕೀಫ್ ಗೋತ್ರದ ಹಾರಿಸ್ ಬಿನ್ ಕಲದಾನ ಬಳಿಗೆ ಹೋಗಿ, ಆತ ವೈದ್ಯಕೀಯ ಬಲ್ಲವನು ಎಂದು ಪ್ರವಾದಿವರ್ಯರು(ಸ) ಸೂಚಿಸುತ್ತಾರೆ. ಹಾರಿಸ್ ಆ ಕಾಲದ ಅರಬರ ಹೆಸರಾಂತ ವೈದ್ಯ. ಬೀಜದ ಮಾತಿಗೆ ಪುರಾವೆಯಾಗಿ ಈ ವರದಿಯನ್ನು ಹಿಡಿಯುವವರು ವೈದ್ಯನ ಮಾತನ್ನೂ ಅದರಿಂದಲೇ ಹಿಡಿಯಬೇಕಾಗುತ್ತದೆ.

ಕೊಬ್ಬಿನ ಲೆಕ್ಕದಿಂದ ನೋಡಿದರೆ, ಒಂದು ಚಮಚ ಎಂದರೆ ಐದು ಗ್ರಾಂ ಬೀಜದ ಪುಡಿಯಲ್ಲಿ ಎಣ್ಣೆ 0.45 ಗ್ರಾಂ. ಅದರಲ್ಲಿ ಅರ್ಧ ಒಲೇಯಿಕ್ ಎಂದರೂ ಸಿಗುವುದು 0.2 ಗ್ರಾಂ ಚಿಲ್ಲರೆ. ಒಂದು ಸಣ್ಣ ಹಿಡಿ, ಇಪ್ಪತ್ತು ಗ್ರಾಂ ಕಡಲೆಬೀಜದಲ್ಲಿ ಅದೇ ಒಲೇಯಿಕ್ ನಾಲ್ಕು ಗ್ರಾಂಗೂ ಹೆಚ್ಚಿದೆ. ಅಂದರೆ ಬೀಜದ ಪುಡಿಯ ಬೆಲೆ ಅದರ ಎಣ್ಣೆಯಲ್ಲಿಲ್ಲ. ಅದರಲ್ಲಿ ನಾರು ಹೇರಳವಾಗಿದೆ, ಎಣ್ಣೆ ಬೇಗ ಕಮಟದಂತೆ ಕಾಯುವ ಸಸ್ಯಮೂಲದ ಕೆಲವು ಅಂಶಗಳೂ ಇವೆ. ಅವುಗಳ ಮೇಲೆ ಪ್ರಯೋಗಾಲಯಗಳಲ್ಲಿ ಅಧ್ಯಯನ ನಡೆದಿದೆ, ಹೆಚ್ಚಿನವು ಇಲಿಗಳ ಮೇಲೆ. ಕಟ್ಟಿಕೊಂಡ ರಕ್ತನಾಳವನ್ನು ಬೀಜದ ಪುಡಿ ತೆರೆದುಬಿಡುತ್ತದೆ ಎಂದು ಅವು ತೋರಿಸಿಲ್ಲ. ಪುಡಿಯನ್ನು ಹಾಲಿಗೆ ಹಾಕಿ ಕುಡಿಯುವುದರಲ್ಲಿ ನಮ್ಮ ತಕರಾರಿಲ್ಲ. ಮಾತ್ರೆ ನಿಲ್ಲಿಸುವುದರಲ್ಲಿ ತಕರಾರಿದೆ. ಅದರಲ್ಲೂ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಪತ್ರ ಬರೆದ ಸಹೋದರರು ಇದನ್ನು ಓದಿದ ದಿನವೇ ತಮ್ಮ ಹಿರಿಯರನ್ನು ವೈದ್ಯರ ಬಳಿ ಕರೆದೊಯ್ಯಬೇಕೆಂದು ವಿನಂತಿಸುತ್ತೇವೆ.

ಸಹೋದರಿಯ ಪ್ರಶ್ನೆಗೆ ಉತ್ತರ ಮೇಲೆಯೇ ಬಂದಿದೆ. ತಿರುಳಿನಲ್ಲಿ ಒಳ್ಳೆಯ ಕೊಬ್ಬೂ ಇಲ್ಲ, ಕೆಟ್ಟ ಕೊಬ್ಬೂ ಇಲ್ಲ, ಹೇಳಿಕೊಳ್ಳುವಷ್ಟು ಕೊಬ್ಬೇ ಇಲ್ಲ. ಪೊಟ್ಟಣದ ಮೇಲೆ ಕೊಲೆಸ್ಟ್ರಾಲ್ ಇಲ್ಲ ಎಂದು ದೊಡ್ಡದಾಗಿ ಬರೆದಿರುವುದು ಸುಳ್ಳಲ್ಲ, ಆದರೆ ಅದು ಬಾಳೆಹಣ್ಣಿಗೂ ಬೆಲ್ಲಕ್ಕೂ ಹೊಂದುವ ಮಾತು. ಇಪ್ಪತ್ತನಾಲ್ಕು ಗ್ರಾಂ ತೂಗುವ ಒಂದು ಮೆಡ್‌ಜೂಲ್‌ನಲ್ಲಿ 16 ಗ್ರಾಂ ಸಕ್ಕರೆ ಇದೆ, ಮೂರು ತಿಂದರೆ 48 ಗ್ರಾಂ. ಸಕ್ಕರೆ ಕಾಯಿಲೆ ಇರುವವರು ಉಪವಾಸ ಪಾರಣೆಗೆ ಒಂದು ಚಿಕ್ಕ ಖರ್ಜೂರ ತಿಂದು ನೀರು ಕುಡಿದರೂ ಸುನ್ನತ್ ಕೈತಪ್ಪುವುದಿಲ್ಲ. ಹಸಿ ಖರ್ಜೂರ ಇಲ್ಲದಿದ್ದರೆ ಒಣ ಖರ್ಜೂರ, ಅದೂ ಇಲ್ಲದಿದ್ದರೆ ಕೆಲವು ಗುಟುಕು ನೀರಿನಿಂದ ಪ್ರವಾದಿವರ್ಯರು(ಸ) ಉಪವಾಸ ಬಿಡುತ್ತಿದ್ದರು ಎಂದು ಅನಸ್(ರ) ವರದಿ ಮಾಡಿದ್ದಾರೆ. ಎಷ್ಟು ತಿನ್ನಬಹುದೆಂಬುದನ್ನು ಅವರವರ ವೈದ್ಯರಲ್ಲೇ ಕೇಳಬೇಕು.

ಇತ್ತೀಚೆಗೆ ಖರ್ಜೂರದ ಎಣ್ಣೆ ಎಂಬ ಪುಟ್ಟ ಬಾಟಲಿಗಳೂ ಮಾರಾಟಕ್ಕೆ ಬರುತ್ತಿವೆ. ಕೊಳ್ಳುವ ಮೊದಲು ಒಂದು ಸರಳ ಲೆಕ್ಕ ನೆನಪಿರಲಿ. ಒಂದು ಲೀಟರ್ ಎಣ್ಣೆ ಸುಮಾರು 920 ಗ್ರಾಂ ತೂಗುತ್ತದೆ. ಶೇ. 8ರಷ್ಟು ಎಣ್ಣೆ ಇರುವ ಬೀಜದಿಂದ ಒಂದು ಹನಿಯೂ ಬಿಡದೆ ತೆಗೆದರೂ ಹನ್ನೊಂದೂವರೆ ಕಿಲೋ ಬೀಜ ಬೇಕು. ಅಷ್ಟು ಬೀಜ ಸಿಗಲು ನೂರ ಹದಿನೈದು ಕಿಲೋ ಖರ್ಜೂರ ಬೇಕು. ಖರ್ಜೂರದ ಪಾಕ ತಯಾರಿಸುವ ಕಾರ್ಖಾನೆಗಳಲ್ಲಿ ಬೀಜ ರಾಶಿಯಾಗಿ ಉಳಿಯುವುದರಿಂದ ಇದು ಅಸಾಧ್ಯವೇನಲ್ಲ. ಆದರೆ ಕಡಲೆಕಾಯಿ ಎಣ್ಣೆಯ ದರಕ್ಕೆ ಯಾರಾದರೂ ಅದನ್ನು ಮಾರುತ್ತಿದ್ದರೆ ಒಳಗಿರುವುದು ಬೇರೆ ಯಾವುದೋ ಎಣ್ಣೆ, ಖರ್ಜೂರ ಹೆಸರಿಗೆ ಮಾತ್ರ ಎಂದು ಅನುಮಾನಿಸಬೇಕು. ನಮ್ಮವರೇ ಆದ ವ್ಯಾಪಾರಿಗಳು ಇದನ್ನು ತರಿಸುವಾಗ ಬೀಜದ್ದೋ, ತಿರುಳನ್ನು ಬೇರೆ ಎಣ್ಣೆಯಲ್ಲಿ ನೆನೆಸಿದ್ದೋ ಎಂದು ಕೇಳಿ ತಿಳಿದು ಗ್ರಾಹಕರಿಗೂ ಹೇಳಲಿ. ಅಲ್ ಮುತಫ್ಫಿಫೀನ್ ಅಧ್ಯಾಯವನ್ನು ಅವರಿಗೆ ನಾವು ನೆನಪಿಸಬೇಕಾಗಿಲ್ಲ.

ಹಾಗಾದರೆ ರಂಝಾನ್ ಇಡೀ ಮಸೀದಿಗಳಲ್ಲಿ ರಾಶಿ ಬೀಳುವ ಬೀಜಗಳನ್ನು ಏನು ಮಾಡುವುದು? ಅಬೂಬಕರ್(ರ) ಅವರ ಪುತ್ರಿ ಅಸ್ಮಾ(ರ) ತಮ್ಮ ಪತಿ ಝುಬೈರ್(ರ) ಅವರ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು ಎಂದು ಬುಖಾರಿ ಸಂಗ್ರಹದಲ್ಲಿದೆ. ದೂರ ಒಂದು ಫರ್ಸಖ್‌ನ ಮೂರನೇ ಎರಡು ಭಾಗ, ಈಗಿನ ಲೆಕ್ಕದಲ್ಲಿ ಮೂರೂವರೆ ಕಿಲೋಮೀಟರ್‌ಗೂ ಹೆಚ್ಚು. ಆ ಬೀಜಗಳನ್ನು ಕುಟ್ಟಿ ಒಂಟೆಗೆ ಮೇವಾಗಿ ಹಾಕುತ್ತಿದ್ದರು. ಕೊಬ್ಬು, ನಾರು, ಒಂದಿಷ್ಟು ಪ್ರೋಟೀನ್ ಇರುವ ಬೀಜ ಮೆಲುಕು ಹಾಕುವ ಪ್ರಾಣಿಗಳಿಗೆ ಒಳ್ಳೆಯ ಆಹಾರ. ಅರಬ್ ನಾಡುಗಳಲ್ಲಿ ಇಂದಿಗೂ ಅದನ್ನು ಪುಡಿ ಮಾಡಿ ಜಾನುವಾರುಗಳ ಮೇವಿಗೆ ಬೆರೆಸುತ್ತಾರೆ, ಹುರಿದು ಪುಡಿ ಮಾಡಿ ಕಾಫಿಯಂತೆಯೂ ಕುದಿಸಿ ಕುಡಿಯುತ್ತಾರೆ. ಅದರಲ್ಲಿ ಕೆಫೀನ್ ಇರುವುದಿಲ್ಲ. ಮೊಹಲ್ಲಾದಲ್ಲಿ ಆಡು, ಹಸು ಸಾಕಿದವರಿದ್ದರೆ ತೊಳೆದು ಒಣಗಿಸಿದ ಬೀಜವನ್ನು ಅವರಿಗೆ ಕೊಡಬಹುದು. ಇಡಿಯಾಗಿ ಹಾಕಬೇಡಿ, ಎರಡು ಮೂರು ದಿನ ನೆನೆಸಿ ಒರಳಿನಲ್ಲಿ ಕುಟ್ಟಿ ಕೊಡಿ. ಮನೆಯ ಮಿಕ್ಸಿಗೆ ಮಾತ್ರ ಹಾಕಬೇಡಿ, ಬ್ಲೇಡು ಉಳಿಯುವುದಿಲ್ಲ.